ಅಂಗಾಂಶದಲ್ಲಿ ಕಿಣ್ವದ ಗುರುತು: ಪ್ರತಿಕಾಯವೆಂಬ ಸಾಕ್ಷಿಯ ಚರಿತ್ರೆ ಮತ್ತು ಪರೀಕ್ಷೆ

ರೋಗಿಯ ದೇಹದಿಂದ ತೆಗೆದ ಒಂದು ಸಣ್ಣ ಅಂಗಾಂಶದ ತುಣುಕಿನಲ್ಲಿ ಇಂಥದೊಂದು ಕಿಣ್ವವಿದೆಯೇ, ಇದ್ದರೆ ಯಾವ ಕೋಶಗಳಲ್ಲಿದೆ ಎಂಬುದನ್ನು ಕಣ್ಣಿಗೆ ಕಾಣುವಂತೆ ಮಾಡುವ ಒಂದು ವಿಧಾನವು ಇಂದು ಜಗತ್ತಿನ ಆಸ್ಪತ್ರೆಗಳಲ್ಲೆಲ್ಲ ರೂಢಿಯಲ್ಲಿದೆ. ಇದಕ್ಕೆ ಬಳಸುವ ಸಾಧನವು ಯಂತ್ರವಲ್ಲ. ಪ್ರಾಣಿಯ ರಕ್ತವು ತನ್ನ ರಕ್ಷಣೆಗಾಗಿ ನಿರ್ಮಿಸುವ ಪ್ರತಿಕಾಯವೆಂಬ ಪ್ರೋಟೀನು. ಇಂಥ ವಿಷಯಕ್ಕೆ ಇತಿಹಾಸ ವಿಭಾಗದ ಪತ್ರಿಕೆಯಲ್ಲಿ ಎಡೆಯೇನು ಎಂದು ಕೆಲವರು ಕೇಳಬಹುದು. ಇದಕ್ಕೆ ನಮ್ಮ ಉತ್ತರ ಎರಡು ಬಗೆಯದು. ಮೊದಲನೆಯದಾಗಿ, ಈ ವಿಧಾನವು ಬೆಳೆದು ಬಂದ ಬಗೆಯು ಆಧುನಿಕ ವಿಜ್ಞಾನದ ಚರಿತ್ರೆಯಲ್ಲಿ ಗಮನಾರ್ಹವಾದ ಒಂದು ಅಧ್ಯಾಯ. ಎರಡನೆಯದಾಗಿ, ಪ್ರತಿಕಾಯವು ಪ್ರಯೋಗಶಾಲೆಯಲ್ಲಿ ಮಾಡುವ ಕೆಲಸವು ಸಾಕ್ಷಿ ನುಡಿಯುವ ಕೆಲಸ. ಸಾಕ್ಷಿಯ ಮಾತನ್ನು ಯಾವಾಗ ನಂಬಬೇಕು, ಯಾವಾಗ ನಂಬಬಾರದು ಎಂಬ ಪ್ರಶ್ನೆಯು ಚರಿತ್ರಕಾರನಿಗೆ ಹೊಸದಲ್ಲ. ಆದುದರಿಂದ ಈ ಲೇಖನದಲ್ಲಿ ಪ್ರತಿಕಾಯವಿಧಾನದ ಬೆಳವಣಿಗೆಯನ್ನು ಸಂಗ್ರಹವಾಗಿ ನಿರೂಪಿಸಿ, ಒಂದು ಮಾನವ ಕಿಣ್ವವನ್ನು ಉದಾಹರಣೆಯಾಗಿ ತೆಗೆದುಕೊಂಡು, ಆ ಸಾಕ್ಷ್ಯವನ್ನು ತೂಗುವ ಕ್ರಮವನ್ನು ವಿವರಿಸಲು ಉದ್ದೇಶಿಸಿದ್ದೇವೆ.

೧. ಕೆಲಸದಿಂದ ಗುರುತು, ರೂಪದಿಂದ ಗುರುತು

ಕಿಣ್ವವೆಂದರೆ ದೇಹದಲ್ಲಿ ನಡೆಯುವ ರಾಸಾಯನಿಕ ಕ್ರಿಯೆಗಳನ್ನು ತ್ವರೆಗೊಳಿಸುವ ಪ್ರೋಟೀನು. ಒಬ್ಬ ಕೆಲಸಗಾರನನ್ನು ಗುಂಪಿನಲ್ಲಿ ಗುರುತಿಸಲು ಎರಡು ದಾರಿಗಳಿವೆ. ಅವನು ಮಾಡುವ ಕೆಲಸವನ್ನು ನೋಡಿ ಗುರುತಿಸಬಹುದು. ಇಲ್ಲವೆ ಅವನ ಮುಖವನ್ನು ನೋಡಿ ಗುರುತಿಸಬಹುದು. ಕಿಣ್ವದ ವಿಷಯದಲ್ಲಿಯೂ ಹೀಗೆಯೇ. ಇವೆರಡರಲ್ಲಿ ಮೊದಲು ಬಳಕೆಗೆ ಬಂದುದು ಕೆಲಸವನ್ನು ನೋಡುವ ದಾರಿ.

೧೯೩೯ರಲ್ಲಿ ಅಮೆರಿಕದ ಷಿಕಾಗೋ ನಗರದಲ್ಲಿದ್ದ ಜಾರ್ಜ್ ಗೋಮೊರಿ ಎಂಬಾತನೂ ಜಪಾನಿನಲ್ಲಿ ತಕಮಾತ್ಸು ಎಂಬಾತನೂ, ಒಬ್ಬರ ಕೆಲಸವನ್ನು ಇನ್ನೊಬ್ಬರು ಅರಿಯದೆ, ಒಂದೇ ಯುಕ್ತಿಯನ್ನು ಕಂಡುಹಿಡಿದರು. ಅಂಗಾಂಶದ ತೆಳುವಾದ ಪದರವೊಂದನ್ನು ಫಾಸ್ಫೇಟನ್ನೊಳಗೊಂಡ ಸಂಯುಕ್ತವೂ ಕ್ಯಾಲ್ಸಿಯಮ್ ಲವಣವೂ ಇರುವ ದ್ರಾವಣದಲ್ಲಿ ಮುಳುಗಿಸಿಡುವರು. ಪದರದಲ್ಲಿ ಫಾಸ್ಫಟೇಸ್ ಎಂಬ ಕಿಣ್ವವಿದ್ದಲ್ಲಿ ಅದು ಫಾಸ್ಫೇಟನ್ನು ಬಿಡಿಸುತ್ತದೆ. ಬಿಡುಗಡೆಯಾದ ಫಾಸ್ಫೇಟು ಕ್ಯಾಲ್ಸಿಯಮಿನೊಡನೆ ಕೂಡಿ ಅಲ್ಲಿಯೇ ತಳವೂರುತ್ತದೆ. ಆ ಒತ್ತರವನ್ನು ಬೇರೆ ಲವಣಗಳ ನೆರವಿನಿಂದ ಕಪ್ಪಾಗಿಸಿದರೆ ಕಿಣ್ವವಿದ್ದ ಎಡೆಯು ಸೂಕ್ಷ್ಮದರ್ಶಕದಲ್ಲಿ ತೋರಿಬರುತ್ತದೆ. ಕಿಣ್ವವು ತನ್ನ ಕೆಲಸದಿಂದಲೇ ತನ್ನ ನೆಲೆಯನ್ನು ಹೇಳುವಂತೆ ಮಾಡಿದ ಈ ವಿಧಾನವು ಜೀವಕೋಶಗಳ ಅಧ್ಯಯನಕ್ಕೆ ಬಹಳ ಬೆಳಕನ್ನು ತಂದಿತು.

ಆದರೆ ಇದಕ್ಕೆ ಎರಡು ಮಿತಿಗಳಿದ್ದುವು. ಕಿಣ್ವವು ಕೆಲಸಮಾಡಬೇಕಾದರೆ ಅದರ ರಚನೆ ಕೆಡದೆ ಇರಬೇಕು. ಆಸ್ಪತ್ರೆಗಳಲ್ಲಾದರೋ ಅಂಗಾಂಶವು ಕೊಳೆಯದಂತೆ ಅದನ್ನು ಫಾರ್ಮಲಿನ್ನಿನಲ್ಲಿ ಇಡುವುದು ರೂಢಿ. ೧೮೯೩ರಲ್ಲಿ ಜರ್ಮನಿಯ ಫರ್ಡಿನಂಡ್ ಬ್ಲೂಮ್ ಇದರ ಉಪಯೋಗವನ್ನು ಕಂಡುಹಿಡಿದ ಮೇಲೆ ಅದು ಎಲ್ಲೆಡೆಯೂ ಹರಡಿತು. ಅನಂತರ ಅಂಗಾಂಶವನ್ನು ಬಿಸಿಯಾದ ಪ್ಯಾರಫಿನ್ ಮೇಣದಲ್ಲಿ ಅದ್ದಿ ಗಟ್ಟಿಮಾಡುತ್ತಾರೆ. ಈ ಸಂಸ್ಕಾರಗಳಲ್ಲಿ ಬಹುಪಾಲು ಕಿಣ್ವಗಳ ಶಕ್ತಿ ಉಡುಗಿಹೋಗುತ್ತದೆ. ಎರಡನೆಯ ಮಿತಿಯೆಂದರೆ, ಒಂದೇ ಕೆಲಸವನ್ನು ಮಾಡುವ ಬೇರೆ ಬೇರೆ ಕಿಣ್ವಗಳಿದ್ದರೆ ಇವುಗಳಲ್ಲಿ ಕಂಡುಬಂದುದು ಯಾವುದೆಂದು ಹೇಳುವುದು ಕಷ್ಟ. ಹೀಗಾಗಿ ಕೆಲಸ ನಿಂತುಹೋದ ಮೇಲೂ ಕಿಣ್ವವನ್ನು ಅದರ ಮುಖಲಕ್ಷಣದಿಂದ ಗುರುತಿಸಬಲ್ಲ ಸಾಧನವೊಂದು ಬೇಕಾಯಿತು. ಅದು ದೊರೆತುದು ರೋಗನಿರೋಧ ಶಾಸ್ತ್ರದಿಂದ.

೨. ಪ್ರತಿಕಾಯಕ್ಕೆ ಬಣ್ಣ ಕಟ್ಟಿದ ಕಥೆ

೧೮೯೦ರಲ್ಲಿ ಬರ್ಲಿನ್ನಿನಲ್ಲಿ ಎಮಿಲ್ ಫಾನ್ ಬೇರಿಂಗ್ ಮತ್ತು ಕಿತಸಾತೊ ಎಂಬ ವಿದ್ವಾಂಸರು ಗಂಟಲಮಾರಿ, ಧನುರ್ವಾಯು ಎಂಬ ರೋಗಗಳ ವಿಷವನ್ನು ಸಹಿಸುವಂತಾದ ಪ್ರಾಣಿಗಳ ರಕ್ತರಸದಲ್ಲಿ ಆ ವಿಷವನ್ನು ಅಡಗಿಸುವ ವಸ್ತುವಿದೆಯೆಂದು ತೋರಿಸಿದರು. ಈ ವಸ್ತುವೇ ಪ್ರತಿಕಾಯ. ಯಾವುದರ ಮೇಲೆ ಅದು ಹೋಗಿ ಕೂಡುವುದೋ ಅದಕ್ಕೆ ಪ್ರತಿಜನಕವೆಂದು ಹೆಸರು. ೧೮೯೪ರಲ್ಲಿ ಎಮಿಲ್ ಫಿಷರನು ಕಿಣ್ವಕ್ಕೂ ಅದು ಮಾರ್ಪಡಿಸುವ ವಸ್ತುವಿಗೂ ಇರುವ ಸಂಬಂಧವನ್ನು ಬೀಗಕ್ಕೂ ಬೀಗದ ಕೈಗೂ ಹೋಲಿಸಿದ್ದನು. ಪೌಲ್ ಏರ್ಲಿಖ್ ಅದೇ ಹೋಲಿಕೆಯನ್ನು ತೆಗೆದುಕೊಂಡು ಪ್ರತಿಕಾಯಕ್ಕೆ ಅನ್ವಯಿಸಿದನು. ಕಿಣ್ವವನ್ನು ಕುರಿತು ಹುಟ್ಟಿದ ಉಪಮೆಯು ಪ್ರತಿಕಾಯದ ಶಾಸ್ತ್ರಕ್ಕೆ ತಳಹದಿಯಾಗಿ, ಮುಂದೆ ಆ ಪ್ರತಿಕಾಯವೇ ಕಿಣ್ವವನ್ನು ಹುಡುಕುವ ಸಾಧನವಾದುದು ಚರಿತ್ರೆಯ ಒಂದು ವಿನೋದವೆಂದೇ ಹೇಳಬೇಕು.

ಪ್ರತಿಕಾಯವು ತನ್ನ ಗುರಿಯನ್ನು ತಾನೇ ಹುಡುಕಿಕೊಂಡು ಹೋಗುತ್ತದೆ. ಆದರೆ ಅದು ಹೋಗಿ ಕುಳಿತುದು ನಮ್ಮ ಕಣ್ಣಿಗೆ ಕಾಣುವುದಿಲ್ಲ. ಅದಕ್ಕೆ ಬಣ್ಣವನ್ನು ಕಟ್ಟಿ ಕಳುಹಿಸಿದರೆ ಹೇಗೆ? ೧೯೩೪ರಲ್ಲಿ ಲಂಡನ್ನಿನ ಜಾನ್ ಮ್ಯಾರಕ್ ಪ್ರತಿಕಾಯಕ್ಕೆ ಕೆಂಪು ಬಣ್ಣವನ್ನು ಜೋಡಿಸಿದ್ದನು. ಆದರೆ ಇಂಥ ಬಣ್ಣವು ತೆಳುವಾದ ಅಂಗಾಂಶದ ಪದರದಲ್ಲಿ ಕಾಣುವಷ್ಟು ಗಾಢವಾಗಿರಲಿಲ್ಲ. ಈ ತೊಡಕನ್ನು ದಾಟಿದವನು ಅಮೆರಿಕದ ವೈದ್ಯ ಆಲ್ಬರ್ಟ್ ಕೂನ್ಸ್. ಕೀಲುಗಳನ್ನೂ ಹೃದಯವನ್ನೂ ಕೆಡಿಸುವ ರುಮ್ಯಾಟಿಕ್ ಜ್ವರದಲ್ಲಿ ಹೃದಯದೊಳಗೆ ತೋರುವ ಗಂಟುಗಳಿಗೆ ಕಾರಣವೇನೆಂಬ ಪ್ರಶ್ನೆ ೧೯೩೯ರ ಬೇಸಗೆಯಲ್ಲಿ ಬರ್ಲಿನ್ನಿನಲ್ಲಿ ತಂಗಿದ್ದಾಗ ಅವನನ್ನು ಕಾಡಿತು. ರೋಗಾಣುವಿನ ಅಂಶವು ಆ ಗಂಟುಗಳಲ್ಲಿದ್ದರೆ ಅದನ್ನು ಪ್ರತಿಕಾಯದಿಂದ ಹುಡುಕಬಹುದೆಂದೂ, ಆ ಪ್ರತಿಕಾಯಕ್ಕೆ ಸಾಮಾನ್ಯ ಬಣ್ಣಕ್ಕೆ ಬದಲಾಗಿ ಕತ್ತಲೆಯಲ್ಲಿ ಹೊಳೆಯುವ ವಸ್ತುವನ್ನು ಕಟ್ಟಬಹುದೆಂದೂ ಅವನಿಗೆ ಹೊಳೆಯಿತು. ೧೯೪೧ರಲ್ಲಿ ಅವನೂ ಅವನ ಸಂಗಡಿಗರೂ ಆಂಥ್ರಸೀನ್ ಸಂಬಂಧದ ವಸ್ತುವನ್ನು ಜೋಡಿಸಿದರು. ಅದರ ಹೊಳಪು ನೀಲಿ. ಅಂಗಾಂಶಕ್ಕೂ ಸ್ವಭಾವದಿಂದಲೇ ನೀಲಿಯ ಹೊಳಪಿದ್ದುದರಿಂದ ಎರಡನ್ನೂ ಬೇರ್ಪಡಿಸುವುದು ಕಷ್ಟವಾಯಿತು. ಮರುವರ್ಷ ಹಸುರಾಗಿ ಹೊಳೆಯುವ ಫ್ಲೋರೆಸೀನನ್ನು ಬಳಸಿ, ಸೋಂಕು ತಗುಲಿದ ಇಲಿಗಳ ಅಂಗಾಂಶದಲ್ಲಿ ನ್ಯುಮೋನಿಯಾ ರೋಗಾಣುವಿನ ಅಂಶವನ್ನು ತೋರಿಸಿದರು. ಯುದ್ಧದ ನಿಮಿತ್ತ ಕೆಲಸ ಕೆಲಕಾಲ ನಿಂತು, ೧೯೫೦ರಲ್ಲಿ ಸುಧಾರಿಸಿದ ರೂಪದಲ್ಲಿ ಮತ್ತೆ ಪ್ರಕಟವಾಯಿತು. ತನ್ನನ್ನು ಮೊದಲು ಕಾಡಿದ ಹೃದಯದ ಗಂಟಿನ ಪ್ರಶ್ನೆಗಿಂತಲೂ ಅದಕ್ಕಾಗಿ ನಿರ್ಮಿಸಿದ ಸಾಧನವೇ ಕೂನ್ಸನ ಹೆಸರನ್ನು ಉಳಿಸಿತು.

೩. ಆಸ್ಪತ್ರೆಯ ಮೇಜಿಗೆ ಬಂದ ಬಗೆ

ಹೊಳೆಯುವ ಪ್ರತಿಕಾಯಕ್ಕೆ ವಿಶೇಷ ದೀಪವೂ ಕತ್ತಲೆಯ ಕೋಣೆಯೂ ಬೇಕು. ಹೊಳಪಾದರೋ ಬೇಗ ಕುಂದುತ್ತದೆ. ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಕಾಣುವ, ವರ್ಷಗಟ್ಟಲೆ ಉಳಿಯುವ ಗುರುತು ಬೇಕಾಗಿದ್ದಿತು. ೧೯೬೬ರಲ್ಲಿ ಅಮೆರಿಕದಲ್ಲಿ ನಕಾನೆ ಮತ್ತು ಪಿಯರ್ಸ್ ಎಂಬುವರೂ ಫ್ರಾನ್ಸಿನಲ್ಲಿ ಅವ್ರಮೇಯಾಸ್ ಮೊದಲಾದವರೂ ಪ್ರತಿಕಾಯಕ್ಕೆ ಬಣ್ಣದ ಬದಲು ಒಂದು ಕಿಣ್ವವನ್ನೇ ಕಟ್ಟಿದರು. ಇವುಗಳಲ್ಲಿ ಹೆಚ್ಚು ಬಳಕೆಗೆ ಬಂದುದು ಪೆರಾಕ್ಸಿಡೇಸ್. ಸಾಸಿವೆಯ ಕುಟುಂಬಕ್ಕೆ ಸೇರಿದ ಹಾರ್ಸ್‌ರ್ಯಾಡಿಷ್ ಎಂಬ ಘಾಟಿನ ಬೇರಿನಿಂದ ಅದನ್ನು ತೆಗೆಯುತ್ತಾರೆ. ಅದಕ್ಕೆ ಹೈಡ್ರೊಜನ್ ಪೆರಾಕ್ಸೈಡನ್ನೂ ತಕ್ಕ ವರ್ಣಜನಕವನ್ನೂ ಒದಗಿಸಿದರೆ ಅದು ಕುಳಿತಲ್ಲಿ ಕಂದು ಬಣ್ಣವು ನೆಲೆನಿಲ್ಲುತ್ತದೆ. ಒಂದು ಕಿಣ್ವದಣುವು ಮತ್ತೆ ಮತ್ತೆ ಕೆಲಸಮಾಡಬಲ್ಲುದಾದ ಕಾರಣ ಗುರುತು ಹಲವು ಮಡಿ ದೊಡ್ಡದಾಗುತ್ತದೆ. ಹೀಗೆ ಗೋಮೊರಿಯ ದಾರಿಯೂ ಕೂನ್ಸನ ದಾರಿಯೂ ಇಲ್ಲಿ ಕೂಡಿದುವು: ಹುಡುಕಬೇಕಾದ ಕಿಣ್ವವನ್ನು ರೂಪದಿಂದ ಹಿಡಿಯುವುದು ಪ್ರತಿಕಾಯ, ಹಿಡಿದುದನ್ನು ಕೆಲಸದಿಂದ ತೋರಿಸುವುದು ಬೇರೊಂದು ಕಿಣ್ವ.

ಎರಡನೆಯ ತೊಡಕು ಪ್ರತಿಕಾಯದ ಪೂರೈಕೆಯದು. ಮೊಲಕ್ಕೆ ಒಂದು ಪ್ರೋಟೀನನ್ನು ಚುಚ್ಚಿದರೆ ಅದರ ರಕ್ತದಲ್ಲಿ ಒಂದಲ್ಲ, ಹಲವು ಬಗೆಯ ಪ್ರತಿಕಾಯಗಳು ಹುಟ್ಟುತ್ತವೆ. ಒಂದೊಂದು ಆ ಪ್ರೋಟೀನಿನ ಒಂದೊಂದು ಭಾಗವನ್ನು ಹಿಡಿಯುತ್ತದೆ. ಮೊಲವು ಸತ್ತರೆ ಅದರ ರಕ್ತರಸಕ್ಕೆ ಸಮನಾದುದು ಮತ್ತೆ ದೊರೆಯುವುದಿಲ್ಲ. ೧೯೭೫ರಲ್ಲಿ ಕೇಂಬ್ರಿಜ್ಜಿನಲ್ಲಿ ಜಾರ್ಜ್ ಕೋಲರ್ ಮತ್ತು ಸೀಸರ್ ಮಿಲ್‌ಸ್ಟೀನ್ ಎಂಬುವರು ಪ್ರತಿಕಾಯವನ್ನು ನಿರ್ಮಿಸುವ ಇಲಿಯ ಕೋಶವನ್ನು ಸಾವಿಲ್ಲದೆ ಬೆಳೆಯುವ ಕ್ಯಾನ್ಸರ್ ಕೋಶದೊಡನೆ ಬೆಸೆದರು. ಬೆಸೆದ ಕೋಶದ ಸಂತತಿಯೆಲ್ಲವೂ ಒಂದೇ ಬಗೆಯ ಪ್ರತಿಕಾಯವನ್ನು ಎಡೆಬಿಡದೆ ಕೊಡುತ್ತದೆ. ಇದನ್ನು ಏಕಮೂಲ ಪ್ರತಿಕಾಯವೆನ್ನಬಹುದು. ಇವರಿಬ್ಬರಿಗೂ ನೀಲ್ಸ್ ಯೆರ್ನೆಗೂ ೧೯೮೪ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಇಲಿಗೆ ಸಾಧ್ಯವಾದುದು ಮೊಲಕ್ಕೂ ಸಾಧ್ಯವೆಂಬುದು ೧೯೯೫ರಲ್ಲಿ ಸಿದ್ಧವಾಯಿತು.

ಮೂರನೆಯ ತೊಡಕು ಫಾರ್ಮಲಿನ್ನಿನದೇ. ಅದು ಪ್ರೋಟೀನುಗಳನ್ನು ಒಂದಕ್ಕೊಂದು ಹೊಲಿದಂತೆ ಕಟ್ಟಿಬಿಡುವುದರಿಂದ ಪ್ರತಿಕಾಯವು ಹಿಡಿಯಬೇಕಾದ ಭಾಗವು ಮರೆಯಾಗುತ್ತದೆ. ಈ ಕಟ್ಟನ್ನು ಬಿಚ್ಚಲು ಸಾಧ್ಯವೇ ಎಂದು ಷಿ ಎಂಬ ಸಂಶೋಧಕನು ಹಳೆಯ ಪತ್ರಿಕೆಗಳನ್ನು ಶೋಧಿಸುತ್ತ ಹೋದನು. ಫಾರ್ಮಾಲ್ಡಿಹೈಡಿನಿಂದ ಪ್ರೋಟೀನಿಗೆ ಆಗುವ ಕೆಲವು ಮಾರ್ಪಾಟುಗಳನ್ನು ಹೆಚ್ಚಿನ ಶಾಖದಿಂದ ಹಿಂತಿರುಗಿಸಬಹುದೆಂದು ಫ್ರೆಂಕೆಲ್ ಕಾನ್ರಾಟ್ ಮೊದಲಾದವರು ೧೯೪೦ರ ದಶಕದಲ್ಲಿಯೇ ಬರೆದಿದ್ದರು. ೧೯೯೧ರಲ್ಲಿ ಷಿ ಮತ್ತು ಅವನ ಸಂಗಡಿಗರು ಅಂಗಾಂಶದ ಪದರವನ್ನು ಲವಣದ ನೀರಿನಲ್ಲಿಟ್ಟು ಮೈಕ್ರೊವೇವ್ ಒಲೆಯಲ್ಲಿ ಕಾಯಿಸಿದರು; ಮರೆಯಾಗಿದ್ದ ಗುರುತುಗಳು ಮತ್ತೆ ತೋರಿದುವು. ಆಸ್ಪತ್ರೆಗಳ ಉಗ್ರಾಣದಲ್ಲಿ ದಶಕಗಳಿಂದ ಬಿದ್ದಿದ್ದ ಮೇಣದ ಅಚ್ಚುಗಳೆಲ್ಲ ಹೀಗೆ ಒಮ್ಮೆಗೇ ಓದಲು ಬರುವ ದಾಖಲೆಗಳಾದುವು. ಈ ಮುನ್ನಡೆಗೆ ಬೀಜವು ಅರ್ಧ ಶತಮಾನದಷ್ಟು ಹಳೆಯ ಲೇಖನಗಳಲ್ಲಿ ದೊರೆಯಿತೆಂಬುದನ್ನು, ಗ್ರಂಥಭಂಡಾರಗಳ ಹಳೆಯ ಸಂಪುಟಗಳನ್ನು ಹೊರೆಯೆಂದು ಭಾವಿಸುವವರು ಮನಗಾಣಬೇಕು.

೪. ಒಂದು ಕಿಣ್ವದ ಉದಾಹರಣೆ

ಇನ್ನು ನಮ್ಮ ಉದಾಹರಣೆಗೆ ಬರೋಣ. ಮನುಷ್ಯರಲ್ಲಿ ಆಲ್ಫಾ ಮೀಥೈಲ್ ಅಸೈಲ್ ಕೋ-ಎ ರೇಸಿಮೇಸ್ ಎಂಬ ಕಿಣ್ವವೊಂದಿದೆ. ಹೆಸರು ಉದ್ದವಾದುದರಿಂದ ಇದನ್ನು ಮುಂದೆ ರೇಸಿಮೇಸ್ ಎಂದಷ್ಟೇ ಕರೆಯುತ್ತೇವೆ. ಇದರ ಕೆಲಸವು ಬಲಗೈಯ ಕೈಚೀಲವನ್ನು ಎಡಗೈಗೆ ಆಗುವಂತೆ ತಿರುಗಿಸುವಂಥದು. ಹಾಲು, ಬೆಣ್ಣೆ, ಮೆಲುಕು ಹಾಕುವ ಪ್ರಾಣಿಗಳ ಮಾಂಸ ಇವುಗಳ ಮೂಲಕ ಫೈಟಾನಿಕ್ ಆಮ್ಲವೆಂಬ ಕವಲೊಡೆದ ಕೊಬ್ಬಿನಾಮ್ಲವು ನಮ್ಮ ದೇಹವನ್ನು ಸೇರುತ್ತದೆ. ಅದರ ಮೂಲವು ಹಸುರೆಲೆಯ ಹಸುರಿನಲ್ಲಿರುವ ಒಂದು ಅಂಶ. ದನಕರುಗಳ ಹೊಟ್ಟೆಯಲ್ಲಿ ಅದು ಬಿಡುಗಡೆಯಾಗುತ್ತದೆ. ನಮ್ಮ ದೇಹದಲ್ಲಿ ಫೈಟಾನಿಕ್ ಆಮ್ಲವು ಪ್ರಿಸ್ಟಾನಿಕ್ ಆಮ್ಲವಾಗಿ ಮಾರ್ಪಟ್ಟಾಗ, ಕನ್ನಡಿಯಲ್ಲಿ ಕಂಡ ಬಿಂಬ ಪ್ರತಿಬಿಂಬಗಳಂತೆ ಎರಡು ರೂಪಗಳು ಉಂಟಾಗುತ್ತವೆ. ಮುಂದಿನ ಕಿಣ್ವಗಳು ಒಂದು ರೂಪವನ್ನು ಮಾತ್ರ ಒಡೆಯಬಲ್ಲುವು. ಇನ್ನೊಂದನ್ನು ಆ ರೂಪಕ್ಕೆ ತಿರುಗಿಸುವುದು ರೇಸಿಮೇಸಿನ ಕೆಲಸ. ನೋವಿಗೆ ಸೇವಿಸುವ ಐಬುಪ್ರೊಫೆನ್ ಮಾತ್ರೆಯಲ್ಲಿರುವ ನಿಷ್ಫಲವಾದ ರೂಪವು ದೇಹದಲ್ಲಿ ಫಲಕಾರಿಯಾದ ರೂಪಕ್ಕೆ ತಿರುಗುವುದರಲ್ಲಿಯೂ ಇದೇ ಕಿಣ್ವದ ಕೈಯಿದೆ. ಹುಟ್ಟಿನಿಂದಲೇ ಇದರ ಕೊರತೆಯಿರುವವರಲ್ಲಿ ನರಗಳ ರೋಗ ಕಾಣಿಸಿಕೊಳ್ಳುವುದೆಂದು ೨೦೦೦ದಲ್ಲಿ ತಿಳಿದುಬಂದಿತು.

ಅದೇ ವರ್ಷ ಬೇರೊಂದು ದಾರಿಯಿಂದ ಈ ಕಿಣ್ವವು ಕ್ಯಾನ್ಸರಿನ ಸಂಶೋಧಕರ ಕಣ್ಣಿಗೆ ಬಿದ್ದಿತು. ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರಿನ ಅಂಗಾಂಶವನ್ನೂ ಆರೋಗ್ಯವಾದ ಅಂಗಾಂಶವನ್ನೂ ಹೋಲಿಸಿ, ಮೊದಲನೆಯದರಲ್ಲಿ ಹೆಚ್ಚಾಗಿ ಪ್ರಕಟವಾಗುವ ಜೀನುಗಳನ್ನು ಆರಿಸಿದಾಗ ಅವುಗಳಲ್ಲೊಂದಕ್ಕೆ ಪಿ ೫೦೪ ಎಸ್ ಎಂದು ಸಂಕೇತವನ್ನಿಟ್ಟರು. ಅದು ರೇಸಿಮೇಸಿನ ಜೀನೇ ಆಗಿದ್ದಿತು. ಅದರ ಪ್ರೋಟೀನನ್ನು ಹಿಡಿಯುವ ಏಕಮೂಲ ಪ್ರತಿಕಾಯವನ್ನು ಮೊಲದಿಂದ ಪಡೆದು, ೨೦೦೧ರಲ್ಲಿ ಅಮೆರಿಕದ ಸಂಶೋಧಕರು ೧೩೭ ಕ್ಯಾನ್ಸರ್ ಅಂಗಾಂಶಗಳನ್ನು ಪರೀಕ್ಷಿಸಿದರು. ಎಲ್ಲವುಗಳಲ್ಲಿಯೂ ಗುರುತು ಬಿದ್ದಿತು. ಕ್ಯಾನ್ಸರಲ್ಲದ ಗ್ರಂಥಿಗಳಲ್ಲಿ ನೂರಕ್ಕೆ ಸುಮಾರು ೮೮ ಗುರುತಿಲ್ಲದೆ ಉಳಿದುವು. ಇಂಥ ಫಲವು ಅಪೂರ್ವವಾದುದರಿಂದ ಕೆಲವೇ ವರ್ಷಗಳಲ್ಲಿ ಈ ಪ್ರತಿಕಾಯವು ರೋಗನಿದಾನ ಶಾಲೆಗಳನ್ನು ಸೇರಿತು.

ಇದರ ಅಗತ್ಯವೇನೆಂಬುದನ್ನು ಹೇಳಬೇಕು. ಪ್ರಾಸ್ಟೇಟಿನಿಂದ ಪರೀಕ್ಷೆಗೆ ತೆಗೆಯುವುದು ಸೂಜಿಯಿಂದ ಬಂದ ಎಳೆಗಳನ್ನು. ಒಂದೊಂದರ ದಪ್ಪ ಸುಮಾರು ಒಂದು ಮಿಲಿಮೀಟರು. ಅದನ್ನು ಮೇಣದಲ್ಲಿ ಕೂರಿಸಿ, ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ನಾಲ್ಕೈದು ಪಾಲಿನಷ್ಟು ತೆಳುವಾದ ಪದರಗಳಾಗಿ ಕತ್ತರಿಸುತ್ತಾರೆ. ಹೀಗೆ ಕತ್ತರಿಸಿದ ಪದರದಲ್ಲಿ ಸಂದೇಹಕ್ಕೆ ಎಡೆಗೊಡುವ ಗ್ರಂಥಿಗಳು ಕೆಲವೊಮ್ಮೆ ಮೂರೋ ನಾಲ್ಕೋ ಮಾತ್ರ ಇರುತ್ತವೆ. ಅವು ಕ್ಯಾನ್ಸರೆಂದು ತಪ್ಪಾಗಿ ತೀರ್ಮಾನಿಸಿದರೆ ಆರೋಗ್ಯವಂತನಾದ ಒಬ್ಬನಿಗೆ ಶಸ್ತ್ರಚಿಕಿತ್ಸೆಯಾಗಿ, ಮೂತ್ರದ ಹಿಡಿತವೂ ಪುರುಷಶಕ್ತಿಯೂ ಕೆಡುವ ಸಂಭವವುಂಟು. ಅಲ್ಲವೆಂದು ತಪ್ಪಾಗಿ ತೀರ್ಮಾನಿಸಿದರೆ ಗುಣಪಡಿಸಬಹುದಾದ ಕಾಲವು ಕಳೆದುಹೋಗಬಹುದು. ಆ ಮೂರು ನಾಲ್ಕು ಗ್ರಂಥಿಗಳ ಓದಿನ ಮೇಲೆ ಒಬ್ಬ ಮನುಷ್ಯನ ಮುಂದಿನ ಬಾಳು ನಿಂತಿದೆಯೆಂದರೆ ಅತಿಶಯೋಕ್ತಿಯಲ್ಲ.

೫. ನುಡಿಯುವ ಸಾಕ್ಷಿ, ಮೌನದ ಸಾಕ್ಷಿ

ಹಾಗಾದರೆ ರೇಸಿಮೇಸಿನ ಗುರುತು ಬಿದ್ದರೆ ಕ್ಯಾನ್ಸರೆಂದು ನಿಶ್ಚಯಿಸಬಹುದೇ? ಕೂಡದು. ಮುಂದಿನ ಅಧ್ಯಯನಗಳಲ್ಲಿ ಮೊದಲಿನ ಪೂರ್ಣಫಲವು ಉಳಿಯಲಿಲ್ಲ. ಸೂಜಿಯಿಂದ ತೆಗೆದ ಸಣ್ಣ ಕ್ಯಾನ್ಸರುಗಳಲ್ಲಿ ಕೆಲವು ಗುರುತಿಲ್ಲದೆ ಹೋದುವು. ಕ್ಯಾನ್ಸರಿನ ಕೆಲವು ವಿಶೇಷ ರೂಪಗಳಲ್ಲಿ ಈ ಕೊರತೆ ಇನ್ನೂ ಹೆಚ್ಚು. ಅದಕ್ಕೆ ಪ್ರತಿಯಾಗಿ, ಕ್ಯಾನ್ಸರಲ್ಲದ ಕೆಲವು ಗ್ರಂಥಿಗಳಲ್ಲಿಯೂ, ಕ್ಯಾನ್ಸರಿಗೆ ಮುಂಚಿನ ಮಾರ್ಪಾಟುಗಳಲ್ಲಿಯೂ, ಮೂತ್ರಮಾರ್ಗದಲ್ಲಿ ಉಂಟಾಗುವ ಒಂದು ನಿರಪಾಯಕಾರಿ ಗಂಟಿನಲ್ಲಿಯೂ ಗುರುತು ಬೀಳುತ್ತದೆ. ಮೂತ್ರಪಿಂಡದ ಒಂದು ಬಗೆಯ ಕ್ಯಾನ್ಸರಿನಲ್ಲಂತೂ ಅದು ಸಾಮಾನ್ಯ. ಆದುದರಿಂದ ಈ ಪ್ರತಿಕಾಯವು ಹೇಳುವುದು ಇಷ್ಟೇ: ಈ ಕೋಶದಲ್ಲಿ ಆ ಕಿಣ್ವ ಹೆಚ್ಚಾಗಿದೆ. ಇದು ಕ್ಯಾನ್ಸರೆಂಬುದು ಸಾಕ್ಷಿಯ ಮಾತಲ್ಲ. ಅದನ್ನು ಓದುವವನ ಅನುಮಾನ.

ಈ ಅನುಮಾನವನ್ನು ಬಲಪಡಿಸಲು ಇನ್ನೊಂದು ಸಾಕ್ಷಿಯನ್ನು ಕರೆಯುತ್ತಾರೆ. ಆರೋಗ್ಯವಾದ ಪ್ರಾಸ್ಟೇಟಿನ ಗ್ರಂಥಿಗೆ ಎರಡು ಸಾಲು ಕೋಶಗಳಿವೆ: ಒಳಗೆ ಸ್ರವಿಸುವ ಕೋಶಗಳು, ಹೊರಗೆ ತಳಕೋಶಗಳು. ಕ್ಯಾನ್ಸರಾದ ಗ್ರಂಥಿಯಲ್ಲಿ ತಳಕೋಶಗಳ ಸಾಲು ಇರುವುದಿಲ್ಲ. ತಳಕೋಶದ ಕೇಂದ್ರದಲ್ಲಿರುವ ಪಿ ೬೩ ಎಂಬ ಪ್ರೋಟೀನನ್ನೂ ಅದರ ಮೈಯಲ್ಲಿರುವ ಒಂದು ಬಗೆಯ ಕೆರಟಿನ್ನನ್ನೂ ಹಿಡಿಯುವ ಪ್ರತಿಕಾಯಗಳಿವೆ. ಅನೇಕ ಪ್ರಯೋಗಶಾಲೆಗಳಲ್ಲಿ ಈ ಮೂರನ್ನೂ ಒಂದೇ ಪದರದ ಮೇಲೆ ಬಿಟ್ಟು, ರೇಸಿಮೇಸಿಗೆ ಕೆಂಪು, ತಳಕೋಶಕ್ಕೆ ಕಂದು ಎಂದು ಎರಡು ಬಣ್ಣಗಳಲ್ಲಿ ತೋರಿಸುವ ಪದ್ಧತಿಯಿದೆ. ಕೆಂಪು ಇದ್ದು ಕಂದು ಇಲ್ಲದಿದ್ದರೆ ಕ್ಯಾನ್ಸರಿನ ಸಂಭವ ಬಲವಾಗುತ್ತದೆ; ಎರಡೂ ಇದ್ದರೆ ಸಂದೇಹವು ಬೇರೆ ಕಡೆಗೆ ತಿರುಗುತ್ತದೆ.

ಇಲ್ಲಿ ಎರಡು ಬಗೆಯ ಸಾಕ್ಷ್ಯಗಳು ಕೂಡಿರುವುದನ್ನು ವಾಚಕರು ಗಮನಿಸಬೇಕು. ಒಂದು ಸಾಕ್ಷಿ ನುಡಿಯುತ್ತದೆ. ಇನ್ನೊಂದರ ಮೌನವನ್ನೇ ಸಾಕ್ಷ್ಯವೆಂದು ತೆಗೆದುಕೊಳ್ಳಬೇಕು. ಮೌನದಿಂದ ಮಾಡುವ ವಾದವು ಎಷ್ಟು ಅಪಾಯಕಾರಿಯೆಂಬುದು ಚರಿತ್ರೆಯ ವಿದ್ಯಾರ್ಥಿಗಳಿಗೆ ತಿಳಿದ ವಿಷಯ. ಒಬ್ಬ ಅರಸನ ಹೆಸರು ಒಂದು ಊರಿನ ಶಾಸನಗಳಲ್ಲಿ ಇಲ್ಲವೆಂದ ಮಾತ್ರಕ್ಕೆ ಅವನ ಆಳಿಕೆ ಅಲ್ಲಿ ಇರಲಿಲ್ಲವೆಂದು ಹೇಳಲಾಗದು. ಆ ಊರಿನಲ್ಲಿ ಆ ಕಾಲದ ಶಾಸನಗಳು ಉಳಿದುಬಂದಿವೆ, ಅವುಗಳಲ್ಲಿ ಆಳುವ ಅರಸನ ಹೆಸರನ್ನು ಹೇಳುವುದು ವಾಡಿಕೆ ಎಂದು ಮೊದಲು ತೋರಿಸಬೇಕು. ಪ್ರಯೋಗಶಾಲೆಯಲ್ಲಿಯೂ ಇದೇ ನಿಯಮ. ಸಂದೇಹದ ಗ್ರಂಥಿಯಲ್ಲಿ ಕಂದು ಬಣ್ಣ ಇಲ್ಲದಿರುವುದಕ್ಕೆ ತಳಕೋಶಗಳು ಇಲ್ಲದಿರುವುದು ಒಂದು ಕಾರಣ. ಪ್ರತಿಕಾಯವು ಕೆಲಸಮಾಡದೆ ಹೋದುದು ಇನ್ನೊಂದು ಕಾರಣ. ಅದೇ ಪದರದಲ್ಲಿ, ಪಕ್ಕದಲ್ಲಿರುವ ಆರೋಗ್ಯವಾದ ಗ್ರಂಥಿಗಳ ಸುತ್ತ ಕಂದು ಬಣ್ಣ ಬಿದ್ದಿದ್ದರೆ ಮಾತ್ರ ಮೊದಲನೆಯ ಕಾರಣವನ್ನು ಒಪ್ಪಬಹುದು. ಮಾತಾಡಬಲ್ಲ ಸಾಕ್ಷಿಯ ಮೌನಕ್ಕೆ ಮಾತ್ರ ಅರ್ಥವಿದೆ. ಮೂಕನ ಮೌನಕ್ಕೆ ಅರ್ಥವಿಲ್ಲ. ಅದೂ ಅಲ್ಲದೆ, ಆರೋಗ್ಯವಾದ ಕೆಲವು ಸಣ್ಣ ಗ್ರಂಥಿಗಳಲ್ಲಿ ತಳಕೋಶಗಳ ಸಾಲು ಅಲ್ಲಲ್ಲಿ ಕಡಿದಿರುವುದುಂಟು. ಆದುದರಿಂದ ಒಂದೇ ಗ್ರಂಥಿಯ ಮೌನವನ್ನು ನೆಚ್ಚದೆ, ಗ್ರಂಥಿಗಳ ಆಕಾರ, ಜೋಡಣೆ, ಕೋಶಕೇಂದ್ರದ ಲಕ್ಷಣ ಇವುಗಳೊಡನೆ ಸೇರಿಸಿ ತೀರ್ಮಾನಿಸಬೇಕಾಗುತ್ತದೆ.

೬. ಸುಳ್ಳುಸಾಕ್ಷಿಯೂ ಅದರ ಬೆಲೆಯೂ

ಪ್ರತಿಕಾಯವು ತಪ್ಪುವುದು ಎರಡು ಬಗೆಯಲ್ಲಿ. ತನ್ನ ಗುರಿಯಲ್ಲದ ಬೇರೊಂದು ಪ್ರೋಟೀನನ್ನು ಹಿಡಿಯುವುದು ಒಂದು ಬಗೆ. ಅದು ಗುರುತಿಸುವುದು ಪ್ರೋಟೀನಿನ ಪೂರ್ಣರೂಪವನ್ನಲ್ಲ, ಅದರ ಮೈಯ ಒಂದು ಸಣ್ಣ ಭಾಗವನ್ನು. ಅಂಥದೇ ಭಾಗವು ಬೇರೆಡೆಯಲ್ಲಿಯೂ ಇರಬಹುದು. ರಕ್ತಕಣಗಳ ಉತ್ಪತ್ತಿಯನ್ನು ಪ್ರೇರಿಸುವ ಎರಿತ್ರೊಪೊಯೆಟಿನ್ ಎಂಬ ಹಾರ್ಮೋನಿನ ಗ್ರಾಹಕವನ್ನು ತೋರಿಸುವುದೆಂದು ಅನೇಕರು ಬಳಸುತ್ತಿದ್ದ ಪ್ರತಿಕಾಯವೊಂದು ವಾಸ್ತವವಾಗಿ ಬೇರೊಂದು ಪ್ರೋಟೀನನ್ನು ಹಿಡಿಯುತ್ತಿದ್ದಿತೆಂದು ೨೦೦೬ರಲ್ಲಿ ಬಯಲಾಯಿತು. ಈಸ್ಟ್ರೊಜನ್ ಗ್ರಾಹಕ ಬೀಟಾ ಎಂಬುದಕ್ಕೆಂದು ಬಳಕೆಯಲ್ಲಿದ್ದ ೧೩ ಪ್ರತಿಕಾಯಗಳನ್ನು ಪರೀಕ್ಷಿಸಿದವರು, ಅವುಗಳಲ್ಲಿ ಒಂದು ಮಾತ್ರ ಗುರಿಗೆ ಸರಿಯಾಗಿತ್ತೆಂದು ೨೦೧೭ರಲ್ಲಿ ಪ್ರಕಟಿಸಿದರು. ಉಳಿದವುಗಳನ್ನು ನಂಬಿ ಬರೆದ ಲೇಖನಗಳ ಗತಿಯೇನೆಂಬುದನ್ನು ಊಹಿಸಿಕೊಳ್ಳಬಹುದು. ಇವೆರಡೂ ಕಿಣ್ವಗಳಲ್ಲ, ಆದರೆ ವಿಧಾನ ಒಂದೇ ಆದುದರಿಂದ ಪಾಠವೂ ಒಂದೇ.

ಪ್ರತಿಕಾಯವು ಸರಿಯಾಗಿದ್ದರೂ ಅದನ್ನು ಬಳಸುವ ಕ್ರಮ ಕೆಡುವುದು ಎರಡನೆಯ ಬಗೆ. ಇದಕ್ಕೆ ದುಃಖಕರವಾದ ನಿದರ್ಶನವು ಕೆನಡಾ ದೇಶದ ನ್ಯೂಫೌಂಡ್‌ಲೆಂಡ್ ಪ್ರಾಂತದಿಂದ ದೊರೆಯುತ್ತದೆ. ಸ್ತನದ ಕ್ಯಾನ್ಸರಿನಲ್ಲಿ ಹಾರ್ಮೋನು ಗ್ರಾಹಕವಿದ್ದರೆ ಹಾರ್ಮೋನಿನ ಪ್ರಭಾವವನ್ನು ತಡೆಯುವ ಔಷಧಿಯಿಂದ ಪ್ರಯೋಜನವುಂಟು. ಇಲ್ಲದಿದ್ದರೆ ಅದನ್ನು ಕೊಡುವುದಿಲ್ಲ. ಅಲ್ಲಿಯ ಸೇಂಟ್ ಜಾನ್ಸ್ ನಗರದ ಪ್ರಯೋಗಶಾಲೆಯಲ್ಲಿ ೧೯೯೭ರಿಂದ ೨೦೦೫ರವರೆಗೆ ನಡೆದ ಈ ಪರೀಕ್ಷೆಗಳಲ್ಲಿ ತಪ್ಪುಗಳಾಗಿದ್ದುವೆಂದು ತಿಳಿದು, ಮಾದರಿಗಳನ್ನು ಟೊರಾಂಟೊ ನಗರಕ್ಕೆ ಕಳುಹಿಸಿ ಮತ್ತೆ ಪರೀಕ್ಷಿಸಿದಾಗ ೩೦೦ಕ್ಕೂ ಹೆಚ್ಚು ಮಂದಿಯ ಫಲಗಳು ಬದಲಾದುವು. ಇಲ್ಲವೆಂದು ಬರೆದಿದ್ದ ಕಡೆ ಗ್ರಾಹಕವಿದ್ದಿತು. ಅದರಿಂದ ದೊರೆಯಬೇಕಾಗಿದ್ದ ಔಷಧಿ ಎಷ್ಟೋ ಮಂದಿ ಸ್ತ್ರೀಯರಿಗೆ ದೊರೆತಿರಲಿಲ್ಲ. ಅವರಲ್ಲಿ ಅನೇಕರು ಮರುಪರೀಕ್ಷೆಯ ಫಲ ಬರುವಷ್ಟರಲ್ಲಿ ತೀರಿಹೋಗಿದ್ದರು. ೨೦೦೭ರಲ್ಲಿ ನ್ಯಾಯಾಧೀಶೆ ಮಾರ್ಗರೆಟ್ ಕ್ಯಾಮರನ್ ಅವರ ನೇತೃತ್ವದಲ್ಲಿ ವಿಚಾರಣಾ ಮಂಡಲಿಯು ನೇಮಕವಾಗಿ ೨೦೦೯ರಲ್ಲಿ ವರದಿಯನ್ನು ಒಪ್ಪಿಸಿತು. ಪರೀಕ್ಷೆಯ ಗುಣವನ್ನು ಕ್ರಮವಾಗಿ ಕಾಯುವ ಏರ್ಪಾಡು ಇಲ್ಲದೆ ಹೋದುದನ್ನು ಅದು ಎತ್ತಿತೋರಿಸಿತು. ಮೂಕನ ಮೌನವನ್ನು ಸಾಕ್ಷ್ಯವೆಂದು ಎಣಿಸಿದುದರ ಬೆಲೆಯನ್ನು ಇಲ್ಲಿ ತೆತ್ತವರು ರೋಗಿಗಳು.

ಇಂಥ ತಪ್ಪುಗಳನ್ನು ತಡೆಯಲು ಪ್ರಯೋಗಶಾಲೆಗಳಲ್ಲಿ ಕೆಲವು ನಿಯಮಗಳಿವೆ. ಕಿಣ್ವವು ನಿಶ್ಚಯವಾಗಿ ಇರುವ ಒಂದು ಅಂಗಾಂಶವನ್ನೂ, ನಿಶ್ಚಯವಾಗಿ ಇಲ್ಲದ ಇನ್ನೊಂದನ್ನೂ ಪರೀಕ್ಷೆಯ ಪದರದೊಡನೆಯೇ ಸಂಸ್ಕರಿಸುವುದು ಒಂದು. ಪ್ರತಿಕಾಯವನ್ನು ಬಿಟ್ಟು ಉಳಿದ ಕ್ರಮವನ್ನೆಲ್ಲ ನಡೆಸಿ, ಆಗಲೂ ಬಣ್ಣ ಬಂದರೆ ಅದು ಪ್ರತಿಕಾಯದ ಮಾತಲ್ಲವೆಂದು ತಿಳಿಯುವುದು ಇನ್ನೊಂದು. ರಕ್ತಕಣಗಳಲ್ಲಿ ಸ್ವಭಾವದಿಂದಲೇ ಪೆರಾಕ್ಸಿಡೇಸಿನಂಥ ಶಕ್ತಿಯಿರುವುದರಿಂದ ಅದನ್ನು ಮೊದಲೇ ಅಡಗಿಸುವುದು ಮತ್ತೊಂದು. ಇನ್ನು ಪ್ರತಿಕಾಯವನ್ನೇ ಪರೀಕ್ಷಿಸುವ ಕ್ರಮಗಳನ್ನು ೨೦೧೬ರಲ್ಲಿ ಮತೀಯಾಸ್ ಉಲೇನ್ ಮೊದಲಾದ ವಿದ್ವಾಂಸರು ಐದು ಆಧಾರಸ್ತಂಭಗಳೆಂದು ಸಂಗ್ರಹಿಸಿದರು. ಅವುಗಳಲ್ಲಿ ಮುಖ್ಯವಾದ ಮೂರನ್ನು ಹೇಳಬಹುದು: ಕಿಣ್ವದ ಜೀನನ್ನು ಕೋಶದಿಂದ ತೆಗೆದುಹಾಕಿದಾಗ ಗುರುತೂ ಮಾಯವಾಗಬೇಕು, ಪ್ರತಿಕಾಯವನ್ನು ಬಳಸದ ಬೇರೊಂದು ವಿಧಾನದಿಂದ ಅಳೆದ ಪ್ರಮಾಣಕ್ಕೆ ಗುರುತಿನ ಗಾಢತೆ ಹೊಂದಿಕೆಯಾಗಬೇಕು, ಅದೇ ಪ್ರೋಟೀನಿನ ಬೇರೊಂದು ಭಾಗವನ್ನು ಹಿಡಿಯುವ ಎರಡನೆಯ ಪ್ರತಿಕಾಯವೂ ಅದೇ ಚಿತ್ರವನ್ನು ಕೊಡಬೇಕು. ಅಂಗಾಂಶವು ಫಾರ್ಮಲಿನ್ನಿನಲ್ಲಿ ಎಷ್ಟು ಹೊತ್ತು ಇದ್ದಿತು, ಎಷ್ಟು ಶಾಖದಲ್ಲಿ ಕಾಯಿಸಿದರು, ಪ್ರತಿಕಾಯವನ್ನು ಎಷ್ಟು ತೆಳುಮಾಡಿದರು ಎಂಬ ವಿವರಗಳನ್ನು ಬರೆದಿಡುವುದೂ ಅಷ್ಟೇ ಅಗತ್ಯ. ವಿವರಗಳಿಲ್ಲದ ಫಲವು ದೊರೆತ ಸ್ಥಳ ತಿಳಿಯದ ನಾಣ್ಯದಂತೆ.

೭. ಉಪಸಂಹಾರ

ನಮ್ಮ ನಾಡಿನ ಚರಿತ್ರೆಯ ಅಧ್ಯಯನವೂ ಇಂಥದೊಂದು ಹಂತವನ್ನು ದಾಟಿ ಬಂದಿದೆ. ಗಂಗರ ತಾಮ್ರಶಾಸನಗಳು ಒಂದೊಂದಾಗಿ ಬೆಳಕಿಗೆ ಬಂದಾಗ ಅವುಗಳಲ್ಲಿ ಅನೇಕವು ಕೂಟಶಾಸನಗಳೆಂದು ಫ್ಲೀಟರು ವಾದಿಸಿದರು. ರೈಸರು ಅವುಗಳ ಪರವಾಗಿ ನಿಂತರು. ಫ್ಲೀಟರು ೧೯೦೧ರಲ್ಲಿ ಭಾರತದ ಕೂಟಶಾಸನಗಳ ಪಟ್ಟಿಯನ್ನೇ ಪ್ರಕಟಿಸಿದರು. ಅವರ ಎಲ್ಲ ತೀರ್ಮಾನಗಳನ್ನೂ ಮುಂದಿನವರು ಒಪ್ಪಲಿಲ್ಲ. ಆದರೆ ಲಿಪಿಯ ಕಾಲ, ತಿಥಿವಾರಗಳ ಹೊಂದಿಕೆ, ಭಾಷೆಯ ಸ್ಥಿತಿ, ಇತರ ಶಾಸನಗಳ ಸಮ್ಮತಿ ಇವುಗಳನ್ನು ಪರೀಕ್ಷಿಸದೆ ಯಾವ ಶಾಸನವನ್ನೂ ಒಪ್ಪಬಾರದೆಂಬ ನಿಯಮವು ಆ ವಾದದಿಂದ ನೆಲೆಗೊಂಡಿತು. ಸಾಕ್ಷಿಯು ತಾಮ್ರದ ಹಲಗೆಯಾಗಲಿ, ಪ್ರೋಟೀನಿನ ಅಣುವಾಗಲಿ, ಅದನ್ನು ಕೇಳಬೇಕಾದ ಪ್ರಶ್ನೆಗಳು ಬಹುಮಟ್ಟಿಗೆ ಒಂದೇ: ನೀನು ಎಲ್ಲಿಂದ ಬಂದೆ? ನೋಡಿದುದನ್ನೇ ಹೇಳುತ್ತಿರುವೆಯಾ? ನಿನ್ನ ಮಾತನ್ನು ನಿನ್ನ ಸಂಬಂಧಿಯಲ್ಲದ ಇನ್ನೊಬ್ಬನು ಸಮರ್ಥಿಸುವನೇ? ನೀನು ಸುಮ್ಮನಿದ್ದಾಗ ಅದಕ್ಕೆ ಅರ್ಥವುಂಟೇ?

ಆದರೆ ಒಂದು ಭೇದವನ್ನು ಮರೆಯಲಾಗದು. ಶಾಸನದ ವಿಷಯದಲ್ಲಿ ನಾವು ತಪ್ಪಿದರೆ ಒಂದು ವಂಶಾವಳಿ ಕೆಡುತ್ತದೆ. ಮುಂದಿನ ವಿದ್ವಾಂಸನು ಬಂದು ಅದನ್ನು ತಿದ್ದುವಷ್ಟು ಕಾಲಾವಕಾಶವಿದೆ. ಅಂಗಾಂಶದ ಪದರವನ್ನು ಓದುವವನಿಗೆ ಆ ಅವಕಾಶವಿಲ್ಲ. ಅವನ ಓದನ್ನು ಕಾಯುತ್ತಿರುವವನು ಬದುಕಿರುವ ಮನುಷ್ಯ. ನಮ್ಮ ಕಾಲೇಜುಗಳಲ್ಲಿ ವಿಜ್ಞಾನದ ವಿದ್ಯಾರ್ಥಿಗಳು ಸಾಕ್ಷ್ಯವಿಚಾರವನ್ನು ಚರಿತ್ರೆಯವರ ಕೆಲಸವೆಂದೂ, ಚರಿತ್ರೆಯ ವಿದ್ಯಾರ್ಥಿಗಳು ಪ್ರಯೋಗಶಾಲೆಯ ಫಲವನ್ನು ಪ್ರಶ್ನೆಗೆ ಮೀರಿದ ಸತ್ಯವೆಂದೂ ಭಾವಿಸುವುದುಂಟು. ಎರಡು ಭಾವನೆಗಳೂ ಸರಿಯಲ್ಲವೆಂಬುದು ಇಷ್ಟರಿಂದ ತೋರಿಬಂದಿದ್ದರೆ ಈ ಲೇಖನದ ಉದ್ದೇಶವು ಈಡೇರಿದಂತೆ.